ನರ್ಸು ಮೊದಲು ಏನು ಮಾಡಬೇಕು

ಜೆಡ್ಡಾ
೧೨ ಮಾರ್ಚ್ ೧೯೯೩

ಇಂದಾಯ್,

ನೀನು ಇಲೋಇಲೋ ಪೇಟೆಯಲ್ಲಿ ರೂಮು ಹಿಡಿದು ಮತ್ತೆ ನರ್ಸಿಂಗ್ ಬೋರ್ಡ್ ಪರೀಕ್ಷೆಯ ಕೋಚಿಂಗಿಗೆ ಸೇರಿದ್ದೀಯ ಎಂದು ಪಾಪಾಂಗ್ ಬರೆಸಿದ ಪತ್ರದಿಂದ ತಿಳಿಯಿತು. ಕಣ್ಣಿಗೆ ಪೊರೆ ಬಂದ ಅಪ್ಪ ಇನ್ನೊಬ್ಬರ ಕೈಯಲ್ಲಿ ಬರೆಸುವ ಬದಲು ನೀನೇ ಬರೆಯಬಹುದಿತ್ತು. ಒಂದು ಸಲ ಫೇಲಾದ ತಂಗಿ ಅಕ್ಕನಿಗೆ ಕಾಗದ ಹಾಕಬಾರದು ಎಂದು ಯಾವ ಕಾನೂನೂ ಇಲ್ಲ. ಅದೂ ಒಂದೂವರೆ ಅಂಕದಲ್ಲಿ ಹೋದದ್ದು. ನಾನು ಮೊದಲನೇ ಸಲಕ್ಕೇ ಪಾಸಾದೆ ಎಂದು ಜಂಬ ಕೊಚ್ಚಿಕೊಳ್ಳುವುದಿಲ್ಲ, ಹೆದರಬೇಡ. ಸ್ವಲ್ಪ ಮಾತ್ರ ಕೊಚ್ಚಿಕೊಳ್ಳುತ್ತೇನೆ.

ಹೀಗೆ ಮಾಡೋಣ. ಪ್ರತಿ ಕಾಗದದಲ್ಲೂ ಐದು ಪ್ರಶ್ನೆ ಹಾಕುತ್ತೇನೆ, ನೀನು ಉತ್ತರ ಬರೆ, ನಾನು ಅಂಕ ಹಾಕುತ್ತೇನೆ. ಇಲ್ಲಿಂದ ಹೋಗಲು ಹದಿನೆಂಟು ದಿನ, ಅಲ್ಲಿಂದ ಬರಲು ಹದಿನೆಂಟು ದಿನ. ಜೂನಿನ ಪರೀಕ್ಷೆಯೊಳಗೆ ಎರಡು ಸುತ್ತಾದರೂ ಆಗುತ್ತದೆ.

ಒಂದು, ಡಿಜಾಕ್ಸಿನ್ ಕೊಡುವ ಮುಂಚೆ ಏನು ನೋಡುತ್ತೀ? ಎರಡು, ತಿಳಿ ಇನ್ಸುಲಿನ್ನು, ಮಬ್ಬು ಇನ್ಸುಲಿನ್ನು ಒಂದೇ ಸಿರಿಂಜಿಗೆ ಎಳೆಯಬೇಕು, ಯಾವುದು ಮೊದಲು? ಮೂರು, ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವನು ಹಲ್ಲುಜ್ಜುವಾಗ ಒಸಡಲ್ಲಿ ರಕ್ತ ಬಂತು ಎನ್ನುತ್ತಾನೆ. ನಾಲ್ಕು, ಮಾರ್ಫಿನ್ ಹೊತ್ತು ಬಂದಿದೆ, ರೋಗಿಯ ಉಸಿರು ನಿಮಿಷಕ್ಕೆ ಹತ್ತು. ಐದು, ನೀರಿಳಿಸುವ ಮಾತ್ರೆ ತಿನ್ನುವವರಿಗೆ ಯಾವ ಹಣ್ಣು ತಿನ್ನಲು ಹೇಳುತ್ತೀ? ಎಲ್ಲದರ ಕೊನೆಯಲ್ಲೂ ಅದೇ ಸಾಲು ಇರುತ್ತದೆ, 'ನರ್ಸು ಮೊದಲು ಏನು ಮಾಡಬೇಕು?' ಕೊಟ್ಟ ನಾಲ್ಕು ಉತ್ತರವೂ ಸರಿಯೇ ಇರುತ್ತವೆ. ಮೊದಲು ಮಾಡುವುದು ಯಾವುದು ಎಂದು ಹುಡುಕಬೇಕು. ಬೋರ್ಡಿನವರ ಕಿತಾಪತಿ ಅದೇ. ಕಳೆದ ಸಲ ನೀನು ಬಿದ್ದದ್ದೂ ಅಲ್ಲಿಯೇ.

ಜನವರಿಯಲ್ಲಿ ಹಡಗಿಗೆ ಹಾಕಿದ ಪೆಟ್ಟಿಗೆ ಈ ತಿಂಗಳು ಪಸ್ಸಿಯ ನಮ್ಮ ಮನೆಗೆ ತಲುಪಬೇಕು. ಟವಲು, ಸೋಪು, ಮಾಂಸದ ಡಬ್ಬಿ, ಖರ್ಜೂರ ಇದೆ. ನಾನಾಯ್‌ಗೆಂದು ಎದೆಯ ಮಾತ್ರೆ ಆರು ಡಬ್ಬಿ ಇಟ್ಟಿದ್ದೇನೆ. ಹೆತ್ತ ತಾಯಿಯ ಎದೆಯ ವಿಷಯ, ನಮ್ಮೂರ ಔಷಧಿ ಅಂಗಡಿಯ ಮಾಲಿನ ಮೇಲೆ ನನಗೆ ನಂಬಿಕೆ ಇಲ್ಲ. ಬೆಳಗ್ಗೆ ಆರಕ್ಕೆ ಒಂದು ಎಂದು ಪಾಪಾಂಗ್‌ಗೆ ಹೇಳು. ಮೂವತ್ತು ವರ್ಷ ಸಕ್ಕರೆ ಮಿಲ್ಲಿನಲ್ಲಿ ಹಾಜರಿ ಹಿಡಿದ ಮನುಷ್ಯ, ಒಂದು ನಿಮಿಷ ಆಚೀಚೆ ಆಗಲು ಬಿಡುವುದಿಲ್ಲ.

ನಿನ್ನೆ ನನ್ನ ಪಾಳಿಯಲ್ಲಿ ಮೂವರು ತೀರಿಕೊಂಡರು. ಮೂರನೆಯವರ ಚಾರ್ಟು ಮುಗಿಸಿ ಕ್ಯಾಂಟೀನಿಗೆ ಹೋದೆ. ಕೋಳಿ ಚೆನ್ನಾಗಿ ಮಾಡಿದ್ದರು. ಮೊದಲ ವರ್ಷ ಬಾತ್‌ರೂಮಿನಲ್ಲಿ ನಿಂತು ಅಳುತ್ತಿದ್ದೆ, ಅದು ಯಾವಾಗ ನಿಂತುಹೋಯಿತೋ ನೆನಪಿಲ್ಲ.

ನಿನ್ನ ಮನಾಂಗ್
ಲುಡಿ


ಇಲೋಇಲೋ
೫ ಏಪ್ರಿಲ್ ೧೯೯೩

ಮನಾಂಗ್,

ಒಂದು: ಎದೆಯ ಮೇಲೆ ಸ್ಟೆತ್ ಇಟ್ಟು ಪೂರಾ ಒಂದು ನಿಮಿಷ ಬಡಿತ ಎಣಿಸಬೇಕು, ಅರವತ್ತಕ್ಕಿಂತ ಕಡಿಮೆಯಿದ್ದರೆ ಕೊಡಬಾರದು, ವೈದ್ಯರಿಗೆ ತಿಳಿಸಬೇಕು. ಎರಡು: ತಿಳಿಯದು ಮೊದಲು. ಮೂರು: ಬೇರೆಲ್ಲಾದರೂ ರಕ್ತ ಹೋಗುತ್ತಿದೆಯೇ ನೋಡಬೇಕು. ನಾಲ್ಕು: ಮಾರ್ಫಿನ್ ಕೊಡಬಾರದು. ಐದು: ಬಾಳೆಹಣ್ಣು. ಇವು ನನಗೆ ನಿದ್ದೆಯಲ್ಲೂ ಬರುತ್ತವೆ. ಕಾಗದದ ಮೇಲೆ ಯಾವತ್ತೂ ಬರುತ್ತಿದ್ದವು. ಹಾಲ್‌ನಲ್ಲಿ ಕೂತ ಮೇಲೆ ತಾನೇ ಎಡವಟ್ಟು.

ಕ್ಲಾಸಿನಲ್ಲಿ ಇನ್ನೂರ ಹತ್ತು ಜನ, ಫ್ಯಾನು ನಾಲ್ಕು. ಎರಡನೇ ಸಲದವರು ಹಿಂದಿನ ಸಾಲಿನಲ್ಲಿ ಕೂರುತ್ತೇವೆ. ಯಾರೂ ಕೂರಿಸಿದ್ದಲ್ಲ, ನಾವೇ ಹೋಗಿ ಕೂತದ್ದು. ಮ್ಯಾಡಂ ದಿನಕ್ಕೆ ಇಪ್ಪತ್ತು ಔಷಧ ಉರು ಹೊಡೆಸುತ್ತಾರೆ. ಮೊನ್ನೆ ತಪ್ಪು ಉತ್ತರ ಹೇಳಿದ ಹುಡುಗಿಗೆ, "ನಿನ್ನ ರೋಗಿ ಸತ್ತ, ಕೂತ್ಕೋ," ಎಂದರು. ಎಲ್ಲರೂ ನಕ್ಕರು, ಅವಳೂ ನಕ್ಕಳು.

ಪೆಟ್ಟಿಗೆ ಮಾರ್ಚ್ ಕೊನೆಗೆ ಬಂತು. ಇಪ್ಪತ್ತೆಂಟರ ಭಾನುವಾರ ಊರಿಗೆ ಹೋದಾಗ ಪಾಪಾಂಗ್ ನನ್ನೆದುರಿಗೇ ಬಿಚ್ಚಿದರು. ಹಗ್ಗವನ್ನು ಕತ್ತರಿಸಲು ಬಿಡಲಿಲ್ಲ, ಒಂದೊಂದೇ ಗಂಟು ಬಿಡಿಸಿ ಸುತ್ತಿಟ್ಟರು. ಸೋಪಿನ ಜೊತೆ ಇಟ್ಟಿದ್ದಕ್ಕೆ ಮಾತ್ರೆ ಡಬ್ಬಿಗೆಲ್ಲ ಸೋಪಿನ ಪರಿಮಳ ಹಿಡಿದಿತ್ತು. ನಾನಾಯ್ ಮೂಸಿ ನೋಡಿ, "ಇದನ್ನ ನುಂಗ್ಬೇಕೋ ಮೈಗೆ ಉಜ್ಕೋಬೇಕೋ ಕೇಳ್ ಬರಿ ನಿಮ್ಮಕ್ಕನ್ನ," ಎಂದಳು. ಪಾಪಾಂಗ್ ಡಬ್ಬಿಗಳನ್ನು ಮಾತೆಯ ಪಟದ ಮುಂದೆ ಸಾಲಾಗಿ ಜೋಡಿಸಿದರು. ಮಾತ್ರೆ ಕೊಡುವುದು ಅವರದೇ ಕೆಲಸ, ನನ್ನನ್ನು ಮುಟ್ಟಲು ಬಿಡುವುದಿಲ್ಲ. ಮಿಲ್ಲಿನ ಸೈರನ್ನಿಗೆ ಸರಿಯಾಗಿ ಕೊಟ್ಟು ಚರ್ಚಿನ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾರೆ.

ನಿನ್ನೆ ಗರಿ ಭಾನುವಾರ. ನಾನಾಯ್ ನನ್ನ ಪರೀಕ್ಷೆಯ ಪೆನ್ಸಿಲುಗಳನ್ನು ತಾಳೆಗರಿಯ ಜೊತೆ ಕಟ್ಟಿ ಎತ್ತಿ ಹಿಡಿದಿದ್ದಳು, ಪಾದ್ರಿಗಳು ತೀರ್ಥ ಚಿಮುಕಿಸಿದ್ದು ಪೆನ್ಸಿಲಿಗಿಂತ ನನ್ನ ಮುಖಕ್ಕೇ ಹೆಚ್ಚು ಬಿತ್ತು. ಮೆಟ್ಟಿಲಿಳಿಯುವಾಗ ಸ್ವಲ್ಪ ಸುಸ್ತು ಎಂದಳು. ಬಿಸಿಲು ಜೋರಿತ್ತು.

ನೆಲ್ಫಾ


ಜೆಡ್ಡಾ
೨೪ ಏಪ್ರಿಲ್ ೧೯೯೩

ಇಂದಾಯ್,

ಐದಕ್ಕೆ ನಾಲ್ಕೂವರೆ. ಮಾರ್ಫಿನ್ ಕೊಡಬಾರದು ಎಂದೆ, ಸರಿ. ವೈದ್ಯರಿಗೆ ತಿಳಿಸಬೇಕು ಎಂದು ಬರೆಯಲಿಲ್ಲ. ಅರ್ಧ ಅಂಕ ಕತ್ತರಿಸಿದ್ದೇನೆ. ಅಕ್ಕ ಅಂತ ಬಿಟ್ಟರೆ ಬೋರ್ಡಿನವರು ಬಿಡುತ್ತಾರಾ?

ನೀನು ಹಿಂದಿನ ಸಾಲಿನಿಂದ ಎದ್ದು ಮುಂದೆ ಹೋಗಿ ಕೂತುಕೋ. ನೀನು ಪಾಸಾದರೆ ಇಲ್ಲಿ ನಮ್ಮ ವಾರ್ಡಿಗೇ ಹೇಳಿಡುತ್ತೇನೆ. ಇಬ್ಬರೂ ಒಂದೇ ಕೋಣೆಯಲ್ಲಿರಬಹುದು. ನೀನು ಅಡುಗೆ ಮಾಡು, ನಾನು ತಪ್ಪು ಹುಡುಕುತ್ತೇನೆ.

ನಾನಾಯ್‌ಗೆ ಬಿಸಿಲಲ್ಲಿ ತಿರುಗಬೇಡ ಎನ್ನು. ಮಾತ್ರೆ ನುಂಗುತ್ತಿದ್ದಾಳಲ್ಲ, ಅಷ್ಟು ಸಾಕು. ಈ ಸಲದ ಪ್ರಶ್ನೆಗಳು ಬೇರೆ ಹಾಳೆಯಲ್ಲಿವೆ. ಈ ವಾರ ಹನ್ನೆರಡು ಗಂಟೆಯ ಪಾಳಿ. ಕಾಲು ಊದಿಕೊಂಡಿದೆ, ಬೇರೇನಿಲ್ಲ.

ಲುಡಿ


ಇಲೋಇಲೋ
೨೬ ಏಪ್ರಿಲ್ ೧೯೯೩

ಮನಾಂಗ್,

ನಿನ್ನ ಕಾಗದಕ್ಕೆ ಕಾಯದೆ ಬರೆಯುತ್ತಿದ್ದೇನೆ. ಈ ಸಲ ಪ್ರಶ್ನೆ ನನ್ನದು. ಮ್ಯಾಡಂ ಕಟ್ಟುವ ಹಾಗೆ ಒಂದು ಸನ್ನಿವೇಶ ಕಟ್ಟಿದ್ದೇನೆ.

ಸನ್ನಿವೇಶ: ಅರವತ್ತೊಂದು ವರ್ಷದ ಹೆಂಗಸು. ಎದೆಯ ತೊಂದರೆಗೆ ವೈದ್ಯರು ಡಿಜಾಕ್ಸಿನ್ ಬರೆದಿದ್ದಾರೆ, ದಿನಕ್ಕೊಂದು. ಅದರ ಜೊತೆಗೆ ಬೇರೆ ದೇಶದಿಂದ ಬಂದ ಮಾತ್ರೆಯೂ ಒಂದು. ಡಬ್ಬಿಯ ಮೇಲಿನ ಹೆಸರು ಬೇರೆ, ಒಳಗಿನ ಔಷಧ ಒಂದೇ. ಗಂಡ ಎರಡನ್ನೂ ಕೊಡುತ್ತಾನೆ. ನಾಲ್ಕು ವಾರವಾಗಿದೆ. ಊಟದ ವಾಸನೆಗೇ ಹೊಟ್ಟೆ ತೊಳಸುತ್ತದೆ. ಅನ್ನ ಹಳದಿಯಾಗಿ ಕಾಣುತ್ತದೆ, ಯಾರೋ ಅರಿಶಿನ ಕಲಸಿದ್ದಾರೆ ಎನ್ನುತ್ತಾಳೆ. ದೀಪದ ಸುತ್ತ ಬಳೆ ಕಾಣುತ್ತದೆ. ನಾಡಿ ಪೂರಾ ಒಂದು ನಿಮಿಷಕ್ಕೆ ಐವತ್ತೆರಡು. ನರ್ಸು ಮೊದಲು ಏನು ಮಾಡಬೇಕು?

ನನ್ನ ಉತ್ತರ: ಎರಡು ಮಾತ್ರೆಯನ್ನೂ ನಿಲ್ಲಿಸಬೇಕು, ವೈದ್ಯರಿಗೆ ತಿಳಿಸಬೇಕು.

ಸರಿಯೋ ತಪ್ಪೋ ಬೇಗ ಬರೆ. ಮುಂದಿನ ತಿಂಗಳಿಂದ ಭಾನುವಾರವೂ ಕ್ಲಾಸು ಇರುತ್ತದೆ, ಊರಿಗೆ ಹೋಗಲು ಆಗುವುದಿಲ್ಲ. ಬೇರೆ ಏನೂ ವಿಶೇಷವಿಲ್ಲ.

ನೆಲ್ಫಾ


ಜೆಡ್ಡಾ
೧೪ ಮೇ ೧೯೯೩

ಇಂದಾಯ್,

ಐದಕ್ಕೆ ಐದು. ಎರಡನ್ನೂ ನಿಲ್ಲಿಸಬೇಕು, ವೈದ್ಯರಿಗೆ ತಿಳಿಸಬೇಕು. ರಕ್ತದಲ್ಲಿ ಪೊಟ್ಯಾಸಿಯಂ ಎಷ್ಟಿದೆ ನೋಡಬೇಕು. ಪ್ರಶ್ನೆ ಚೆನ್ನಾಗಿ ಕಟ್ಟಿದ್ದೀಯ, ನಿಮ್ಮ ಮ್ಯಾಡಂಗೆ ಕೊಡು, ಪುಸ್ತಕಕ್ಕೆ ಹಾಕಿಕೊಳ್ಳಲಿ.

ಇಲ್ಲಿ ಸೆಖೆ ಶುರುವಾಗಿದೆ. ಚೆನ್ನಾಗಿ ಓದು.

ಲುಡಿ


ತಂತಿ
ಇಲೋಇಲೋ, ೨೪ ಮೇ ೧೯೯೩

ನಾನಾಯ್ ನಿನ್ನೆ ಬೆಳಗ್ಗೆ ತೀರಿಕೊಂಡಳು. ಬರಲಾಗುತ್ತದೆಯೇ ತಿಳಿಸು. ನೆಲ್ಫಾ.


ತಂತಿ
ಜೆಡ್ಡಾ, ೨೬ ಮೇ ೧೯೯೩

ರಜೆ ಸಿಗಲಿಲ್ಲ. ಕಾಯಬೇಡಿ, ಮಣ್ಣು ಮಾಡಿ. ಪರೀಕ್ಷೆ ಬಿಡಬೇಡ. ಲುಡಿ.


ಪಸ್ಸಿ
೧೦ ಜೂನ್ ೧೯೯೩

ಮನಾಂಗ್,

ಎಲ್ಲ ಮುಗಿಯಿತು. ಏಳು ದಿನ ಮನೆಯಲ್ಲಿಟ್ಟಿದ್ದೆವು. ನೀನು ಬರುವುದಿಲ್ಲ ಎಂದು ಗೊತ್ತಾದ ಮೇಲೂ ಪಾಪಾಂಗ್ ಇನ್ನೆರಡು ದಿನ ಇರಲಿ ಎಂದರು. ಮೇ ಮೂವತ್ತರ ಭಾನುವಾರ ಮಣ್ಣು ಮಾಡಿದೆವು. ಸತ್ತವರು ಮನೆಯಲ್ಲಿರುವಷ್ಟು ದಿನ ಗುಡಿಸುವ ಹಾಗಿಲ್ಲವಲ್ಲ, ಬಿಸ್ಕತ್ತಿನ ಪುಡಿ, ಸಿಗರೇಟಿನ ಬೂದಿ, ಕಡಲೆ ಸಿಪ್ಪೆ ಎಲ್ಲ ಕಾಲಿಗೆ ಸಿಗುತ್ತಿತ್ತು. ನಾನು ಅದನ್ನೇ ನೋಡುತ್ತಿದ್ದೆ. ಅತ್ತವರೆಲ್ಲ ಬೇರೆಯವರು.

ಅವತ್ತು ಭಾನುವಾರ ನಾನು ಇಲ್ಲಿರಲಿಲ್ಲ. ಬೆಳಗ್ಗೆ ಆರಕ್ಕೆ ಮಾತ್ರೆ ಕೊಟ್ಟರಂತೆ. ಅವಳು ಗೋಡೆ ಕಡೆ ತಿರುಗಿ ಮಲಗಿದಳಂತೆ. ಪಾಪಾಂಗ್ ಗಂಜಿ ಮಾಡಿ ತರುವಷ್ಟರಲ್ಲಿ ಹೋಗಿದ್ದಳು. ಊರಿನ ಡಾಕ್ಟರು ಬಂದು ಹೃದಯ ನಿಂತಿದೆ ಎಂದು ಬರೆದುಕೊಟ್ಟರು. ಯಾರೂ ಏನೂ ಕೇಳಲಿಲ್ಲ. ಎದೆ ರೋಗದವಳು ಎಂದು ಎಲ್ಲರಿಗೂ ಗೊತ್ತಿತ್ತು.

ಪಾಪಾಂಗ್ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು. "ಒಂದಿನಾನೂ ತಪ್ಪಿಸ್ಲಿಲ್ಲ. ಆರು ಅಂದ್ರೆ ಆರಕ್ಕೆ. ಬೇಕಾದ್ರೆ ನೋಡಿ," ಎಂದು ಕ್ಯಾಲೆಂಡರ್ ತೋರಿಸುತ್ತಿದ್ದರು. ಪಕ್ಕದ ಮನೆಯ ತಿಯಾ ಪಾಸಿಂಗ್, "ನಮ್ಮ ಮನೇಲಿ ಹಿಂಗ್ ನೋಡ್ಕೊಳ್ಳೋರ್ ಯಾರಿದಾರೆ ಬಿಡಿ," ಎಂದಳು. ಅವರು ತಲೆಯಾಡಿಸಿದರು. ಆಮೇಲೆ ಮುಂದಿನವರು ಬಂದರೆ ಮತ್ತೆ ಮೊದಲಿಂದ.

ನಿನ್ನ ಮೇ ಹದಿನಾಲ್ಕರ ಕಾಗದ ಜೂನ್ ಒಂದಕ್ಕೆ ಬಂತು. ಒಳಗೆ ನವದಿನ ಪ್ರಾರ್ಥನೆ ನಡೆಯುತ್ತಿತ್ತು. ಐದಕ್ಕೆ ಐದು ಎಂದಿತ್ತು. ಮಡಚಿ ಪುಸ್ತಕದಲ್ಲಿಟ್ಟು ಎಲ್ಲರ ಜೊತೆ 'ಆಮೆನ್' ಎಂದೆ.

ಶನಿವಾರ, ಭಾನುವಾರ ಪರೀಕ್ಷೆ ಬರೆದೆ. ಈ ಸಲ ಎಡವಟ್ಟಾಗಲಿಲ್ಲ. ಒಂದೊಂದಾಗಿ ಓದಿದೆ, ಒಂದೊಂದಾಗಿ ಉತ್ತರದ ಸೊನ್ನೆಗೆ ಪೆನ್ಸಿಲು ತುಂಬಿಸಿದೆ. ಹೊರಗೆ ಬಂದು ಎಲ್ಲರೂ ಶಕುನಕ್ಕೆ ಪೆನ್ಸಿಲು ಮುರಿದರು. ನಾನೂ ಮುರಿದೆ.

ನೆಲ್ಫಾ


ಜೆಡ್ಡಾ
೨೯ ಜೂನ್ ೧೯೯೩

ಇಂದಾಯ್,

ನಿನ್ನ ಕಾಗದ ನಿನ್ನೆ ಬಂತು. ಇದನ್ನು ಮೂರು ಸಲ ಬರೆದು ಹರಿದಿದ್ದೇನೆ. ಈ ಸಲ ಹರಿಯುವುದಿಲ್ಲ.

ನನಗೆ ಗೊತ್ತಿತ್ತು. ನಿನ್ನ ಪ್ರಶ್ನೆಯ ಮೊದಲ ಸಾಲಿಗೇ ಗೊತ್ತಾಯಿತು. ಅರವತ್ತೊಂದು ವರ್ಷದ ಹೆಂಗಸು ನಮ್ಮ ಮನೆಯಲ್ಲಿ ಬೇರೆ ಯಾರಿದ್ದಾರೆ? ಓದುವಾಗ ಕೈಯಲ್ಲಿ ಚಹಾ ಇತ್ತು. ಕಾಗದದ ಮೇಲಿನ ತಾರೀಕು ನೋಡಿದೆ. ಹದಿನೆಂಟು ದಿನ ಹಳೆಯದು. ವಾರ್ಡಿನಲ್ಲಿ ಬೇರೆ ರೋಗಿಯ ಲೆಕ್ಕ ಹಾಕುವ ಹಾಗೆ ಹಾಕಿದೆ. ಹದಿನೆಂಟು ದಿನದಲ್ಲಿ ಇಂದಾಯ್ ನಿಲ್ಲಿಸಿರುತ್ತಾಳೆ, ಇಲ್ಲದಿದ್ದರೆ ಇಷ್ಟರಲ್ಲಿ ಮುಗಿದಿರುತ್ತದೆ, ಎರಡರಲ್ಲಿ ಯಾವುದಾದರೂ ನಾನು ಮಾಡುವುದು ಏನೂ ಇಲ್ಲ ಎಂದುಕೊಂಡೆ. ಚಹಾ ಕುಡಿದೆ. ಐದಕ್ಕೆ ಐದು ಎಂದು ಬರೆದೆ. ಪಾಳಿಗೆ ಹೋದೆ.

ಆಸ್ಪತ್ರೆಯ ಕೆಳಗಿನ ಮಹಡಿಯಲ್ಲೇ ಫೋನಿದೆ. ನಮ್ಮೂರ ಪುರಸಭೆಗೆ ಫೋನ್ ಹಚ್ಚಿದರೆ ಓಡಿ ಹೋಗಿ ಹೇಳುತ್ತಾರೆ. ಅದೂ ಗೊತ್ತಿತ್ತು. ಅವಳು ಇನ್ನೂ ಒಂಬತ್ತು ದಿನ ಇದ್ದಳು. ಆ ಔಷಧ ನಿಲ್ಲಿಸಿದರೆ ಒಂದು ವಾರದಲ್ಲಿ ಮೈಯಿಂದ ಇಳಿದುಹೋಗುತ್ತದೆ, ಇಂದಾಯ್. ನೀನೂ ಓದಿದ್ದೀಯ.

ಪೆಟ್ಟಿಗೆಯ ಬಗ್ಗೆ ಬರೆದಾಗ ಅಂಗಡಿಯ ಮಾತ್ರೆಯ ಬದಲಿಗೆ ಇದನ್ನು ಕೊಡಿ ಎಂದು ನಾನು ಬರೆಯಲಿಲ್ಲ. ಅದು ಹೇಳಬೇಕಾದ ಮಾತು ಅನಿಸಿಯೇ ಇರಲಿಲ್ಲ. ಇಲ್ಲಿ ಯಾರಿಗೂ ಹಾಗೆ ಬಿಡಿಸಿ ಹೇಳಬೇಕಾಗುವುದಿಲ್ಲ.

ನೀನು ಬೈದರೆ ಬೈಯಿ. ಆದರೆ ಪಾಪಾಂಗ್‌ಗೆ ಹೇಳಬೇಡ. ಒಂದು ದಿನವೂ ತಪ್ಪಿಸಲಿಲ್ಲ ಎಂಬುದೊಂದೇ ಅವರಿಗೆ ಉಳಿದಿರುವುದು. ತಮ್ಮ ಕೈಯಿಂದಲೇ ಆಯಿತು ಎಂದು ಗೊತ್ತಾದರೆ ಆ ಮನುಷ್ಯ ಉಳಿಯುವುದಿಲ್ಲ.

ನನಗೆ ಇನ್ನೂ ಅಳು ಬಂದಿಲ್ಲ. ಬರಲಿ ಎಂದು ಕೂತು ನೋಡಿದೆ. ಬರಲಿಲ್ಲ.

ಲುಡಿ


ಪಸ್ಸಿ
೧೯ ಜುಲೈ ೧೯೯೩

ಮನಾಂಗ್,

ನಾನು ಯಾಕೆ ಬೈಯಲಿ? ನಿನಗೆ ಹದಿನೆಂಟು ದಿನ ಆದ ಮೇಲೆ ಗೊತ್ತಾಯಿತು. ನನಗೆ ಅವತ್ತೇ ಗೊತ್ತಾಯಿತು.

ಏಪ್ರಿಲ್ ಇಪ್ಪತ್ತೈದು, ಭಾನುವಾರ. ಊಟಕ್ಕೆ ಕೂತಾಗ ನಾನಾಯ್, "ಈ ಅನ್ನಕ್ಕ್ಯಾಕೆ ಅರಿಶಿನ ಹಾಕಿದೀಯ?" ಎಂದಳು. ಪಾಪಾಂಗ್, "ಮುದುಕಿ ಕಣ್ಣು, ಚಷ್ಮಾ ಬದಲಾಯಿಸ್ಬೇಕು," ಎಂದರು. ನಾನು ಅವಳ ಮಣಿಕಟ್ಟು ಹಿಡಿದು ಗಡಿಯಾರ ನೋಡಿದೆ. ಐವತ್ತೆರಡು. ಆಮೇಲೆ ಪಟದ ಮುಂದಿದ್ದ ಊರಿನ ಡಬ್ಬಿ, ನಿನ್ನ ಡಬ್ಬಿ ಎರಡನ್ನೂ ತಿರುಗಿಸಿ ಓದಿದೆ. ಅರಬ್ಬಿ ಅಕ್ಷರದ ಕೆಳಗೆ ಸಣ್ಣದಾಗಿ ಅದೇ ಹೆಸರಿತ್ತು.

ಕೇಳಿದೆ. "ಪಾಪಾಂಗ್, ಇವೆರಡೂ ಬೇಕಾ?" ಎಂದೆ. "ಒಂದು ಡಾಕ್ಟ್ರು ಬರ್ದಿದ್ದು, ಒಂದು ಲುಡಿ ಕಳ್ಸಿದ್ದು. ಅವರಿಬ್ರಿಗಿಂತ ನೀನ್ ಬುದ್ಧಿವಂತೇನಾ? ಮೊದ್ಲು ಪಾಸಾಗು, ಆಮೇಲ್ ಹೇಳು," ಎಂದರು. ತಮಾಷೆಗೇ ಹೇಳಿದ್ದು. ನಾನಾಯ್ ನಕ್ಕಳು. ನಾನು ಡಬ್ಬಿಗಳನ್ನು ಮೊದಲಿದ್ದ ಹಾಗೇ ಇಟ್ಟೆ.

ಮಾರನೆಯ ದಿನ ಪೇಟೆಯಲ್ಲಿ ನಿನಗೆ ಫೋನ್ ಮಾಡಲು ಹೋದೆ. ಸಾಲಿನಲ್ಲಿ ನನ್ನ ಮುಂದೆ ಹನ್ನೊಂದು ಜನ ಇದ್ದರು. ಹತ್ತು ಗಂಟೆಗೆ ಇನ್ಸುಲಿನ್ ಪಾಠ. ತಪ್ಪಿಸಿದರೆ ಮತ್ತೆ ಸಿಗುವುದಿಲ್ಲ. ಸಾಲು ಬಿಟ್ಟು ಬಂದೆ. ಮಧ್ಯಾಹ್ನ ಆ ಕಾಗದ ಬರೆದೆ. ನೇರವಾಗಿ ಬರೆದರೆ ನೀನು ಕಳಿಸಿದ ಮಾತ್ರೆಯಿಂದ ಹೀಗಾಯಿತು ಎಂದ ಹಾಗೆ ಆಗುತ್ತದೆ, ನನ್ನದೇ ತಪ್ಪಾಗಿದ್ದರೆ ನೀನು ನಗುತ್ತೀಯ. ಪ್ರಶ್ನೆ ಮಾಡಿದರೆ ತಪ್ಪಾದರೂ ಅರ್ಧ ಅಂಕ ಹೋಗುತ್ತದೆ ಅಷ್ಟೇ. ಆಸ್ಪತ್ರೆಗೆ ಸೇರಿಸಿದರೆ ಪಕ್ಕದಲ್ಲಿ ಕೂರುವವಳು ನಾನೇ, ಈ ಸಲವೂ ಪರೀಕ್ಷೆ ಹೋಗುತ್ತದೆ ಎಂದೂ ಅಂದುಕೊಂಡೆ. ಅದನ್ನೂ ಬರೆಯುತ್ತಿದ್ದೇನೆ, ಬಿಟ್ಟರೆ ಸುಳ್ಳಾಗುತ್ತದೆ.

ಇನ್ನೊಂದು ವಿಷಯ. ಪಾಪಾಂಗ್‌ಗೆ ಹೇಳಬೇಡ ಎಂದೆಯಲ್ಲ. ಹೇಳಿಬಿಟ್ಟೆ.

ಮೊನ್ನೆ ಅವರು ಉಳಿದ ಮೂರು ಡಬ್ಬಿ ತೆಗೆದುಕೊಂಡು ತಿಯಾ ಪಾಸಿಂಗ್ ಮನೆಗೆ ಹೊರಟಿದ್ದರು. ಅವಳಿಗೂ ಕಾಲು ಊತ, ಅವಳೂ ಅದೇ ಡಾಕ್ಟರ ಹತ್ತಿರ ಎದೆಯ ಮಾತ್ರೆ ನುಂಗುತ್ತಿದ್ದಾಳೆ. "ಜೆಡ್ಡಾದ್ದು, ಒಳ್ಳೇ ಮಾಲು, ಸುಮ್ನೆ ಹಾಳಾಗೋದ್ಯಾಕೆ," ಎಂದರು. ಬಾಗಿಲಲ್ಲಿ ಅಡ್ಡ ನಿಂತು ಡಬ್ಬಿ ಕಿತ್ತುಕೊಂಡೆ. ಯಾಕೆ ಎಂದರು. ಇನ್ಯಾವ ದಾರಿಯೂ ಇರಲಿಲ್ಲ. "ಎರಡೂ ಒಂದೇ ಔಷಧ, ಪಾಪಾಂಗ್. ನಾನಾಯ್‌ಗೆ ಎರಡರಷ್ಟಾಯ್ತು," ಎಂದೆ.

ಅವರು ಹೊಸ್ತಿಲ ಮೇಲೆ ಕೂತರು. "ಇದು ಯಾರ್ಯಾರಿಗ್ ಗೊತ್ತಿತ್ತು?" ಎಂದು ಕೇಳಿದರು.

"ನಂಗ್ ಗೊತ್ತಿತ್ತು," ಎಂದೆ. "ಮನಾಂಗ್‌ಗೆ ಗೊತ್ತಿರ್ಲಿಲ್ಲ."

ಅಂದಿನಿಂದ ಅವರು ನನ್ನ ಜೊತೆ ಮಾತಾಡಿಲ್ಲ. ತಟ್ಟೆ ಇಟ್ಟರೆ ಉಣ್ಣುತ್ತಾರೆ. ಕ್ಯಾಲೆಂಡರನ್ನು ಗೋಡೆಯಿಂದ ತೆಗೆದಿದ್ದಾರೆ. ಎಲ್ಲಿಟ್ಟರೋ ನೋಡಲಿಲ್ಲ. ನೀನು ಡಿಸೆಂಬರಿನಲ್ಲಿ ಬಂದಾಗ ಇದೇ ಮಾತಿಗೆ ನಿಲ್ಲು. ಗೊತ್ತಿರಲಿಲ್ಲ ಎಂದೇ ಹೇಳು. ಅವರಿಗೆ ಮಾತಾಡಲು ಒಬ್ಬ ಮಗಳಾದರೂ ಇರಲಿ.

ನೆಲ್ಫಾ


ಜೆಡ್ಡಾ
೭ ಆಗಸ್ಟ್ ೧೯೯೩

ಇಂದಾಯ್,

ನಿನ್ನ ಕಾಗದ ಒಂದು ವಾರ ಮೊದಲು ಬರಬೇಕಿತ್ತು.

ಜುಲೈ ಕೊನೆಯಲ್ಲಿ ಪಾಪಾಂಗ್ ಯಾರ ಕೈಯಲ್ಲೋ ಬರೆಸಿದ ಕಾಗದ ಬಂತು. ನೀನು ಅವರಿಗೆ ಹೇಳುವ ಮುಂಚೆ ಬರೆಸಿದ್ದಿರಬೇಕು. 'ನಿನ್ನ ಮಾತ್ರೆಯಿಂದ ನಿನ್ನ ತಾಯಿ ಎರಡು ತಿಂಗಳು ಹೆಚ್ಚು ಬದುಕಿದಳು, ಮಗಳೇ, ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ' ಎಂದಿತ್ತು. ಅದನ್ನು ಓದಿದ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ. ಮೂವತ್ತನೇ ತಾರೀಕು ಅವರಿಗೇ ಬರೆದು ಹಾಕಿಬಿಟ್ಟೆ. ಎರಡು ಹಾಳೆ. ಎಲ್ಲ ಬರೆದಿದ್ದೇನೆ. ಚಹಾ ಕುಡಿದದ್ದನ್ನೂ ಬರೆದಿದ್ದೇನೆ. ಕಣ್ಣಿನ ಪೊರೆಯ ಮನುಷ್ಯನಿಗೆ ನೀನೇ ಓದಿ ಹೇಳಬೇಕು ಎಂದು ಗೊತ್ತಿದ್ದೂ ಬರೆದೆ.

ನೀನು ಇದನ್ನು ಓದುವ ಹೊತ್ತಿಗೆ ಅದು ಅವರ ಕೈಗೆ ಸಿಕ್ಕಿ ವಾರವಾಗಿರುತ್ತದೆ. ಫೋನ್ ಮಾಡಿ ತಡೆಯಬಹುದು. ಈ ಸಲವೂ ಮಾಡುತ್ತಿಲ್ಲ, ಆದರೆ ಈ ಸಲ ಬೇಕೆಂದೇ. ನನಗಾಗಿ ನೀನು ಸುಳ್ಳು ಹೇಳಿದ್ದು ನನಗೆ ಹಿಡಿಸಲಿಲ್ಲ. ಹಿಡಿಸಲಿಲ್ಲ ಎನ್ನುವಷ್ಟಾದರೂ ಅನಿಸಿತು. ಬಹಳ ದಿನದ ಮೇಲೆ.

ಲುಡಿ


ಪಸ್ಸಿ
೩೦ ಆಗಸ್ಟ್ ೧೯೯೩

ಮನಾಂಗ್,

ನಾನು ಪಾಸಾಗಿದ್ದೇನೆ. ಪತ್ರಿಕೆಯಲ್ಲಿ ಹೆಸರು ಬಂದಿದೆ. ಪಾಪಾಂಗ್‌ಗೆ ತಿಯಾ ಪಾಸಿಂಗ್ ಹೇಳಿದಳು. ಅವರು ತಲೆಯಾಡಿಸಿದರು.

ನೀನು ಅವರಿಗೆ ಬರೆದ ಕಾಗದ ಹದಿನೆಂಟನೇ ತಾರೀಕು ಬಂತು. ನನಗೆ ಬರೆದದ್ದು ಇನ್ನೂ ಬಂದಿರಲಿಲ್ಲ, ಅವರದರಲ್ಲಿ ಏನಿದೆ ಎಂದು ನನಗೆ ಗೊತ್ತಿರಲಿಲ್ಲ. ಪೋಸ್ಟಿನವನು ಅವರ ಕೈಗೇ ಕೊಟ್ಟಿದ್ದ. ಒಂದು ಇಡೀ ದಿನ ಜೇಬಿನಲ್ಲಿಟ್ಟುಕೊಂಡು ಓಡಾಡಿದರು. ಬೇರೆ ಯಾರ ಹತ್ತಿರವಾದರೂ ಓದಿಸಿಕೊಳ್ಳಬಹುದಿತ್ತು. ಮರುದಿನ ಮಧ್ಯಾಹ್ನ ನಾನು ಅಕ್ಕಿ ಆರಿಸುತ್ತಿದ್ದೆ. ಬಂದು ಎದುರಿಗೆ ಕೂತು ಮೊರದ ಮೇಲೆ ಇಟ್ಟರು. ಒಂದು ತಿಂಗಳ ಮೇಲೆ ಆಡಿದ ಮೊದಲ ಮಾತು, "ಓದು."

ಒಡೆದೆ. ಮೊದಲ ಎರಡು ಸಾಲು ಓದುವಷ್ಟರಲ್ಲಿ ಕಣ್ಣು ಮುಂದೆ ಹೋಯಿತು. ನಿಲ್ಲಿಸಲಿಲ್ಲ. ಓದುತ್ತಿರುವ ದನಿಯಲ್ಲೇ ನಾನೇ ಕಟ್ಟಿ ಹೇಳಿದೆ. ಸೆಖೆ ಬಹಳ ಎಂದು ಬರೆದಿದ್ದೀಯ ಎಂದೆ. ಕಾಲು ಊತ ಇಳಿದಿದೆ, ಹೊಸ ಹೆಡ್ ನರ್ಸು ಒಳ್ಳೆಯವಳು, ಡಿಸೆಂಬರಿಗೆ ರಜೆ ಕೇಳಿದ್ದೀಯ ಎಂದೆ. ನನಗೇ ಆಶ್ಚರ್ಯವಾಗುವಷ್ಟು ಚೆನ್ನಾಗಿ ಬಂತು.

ಅವರು ಪೂರ್ತಿ ಕೇಳಿದರು. ಆಮೇಲೆ, "ಎರಡು ಹಾಳೆ ಇದೆ. ನೀನು ಒಂದನ್ನೂ ತಿರುಗಿಸ್ಲಿಲ್ಲ," ಎಂದರು.

ನಾನು ಕಾಗದ ಮಡಚಲು ಹೋದೆ.

"ಹಾಜರಿ ಪುಸ್ತಕದಲ್ಲಿ ಸುಳ್ಳು ಬರ್ಸೋರನ್ನ ಮೂವತ್ತು ವರ್ಷ ನೋಡಿದೀನಿ, ನೆಲ್ಫಾ. ಅವಳು ಬರ್ದಿದ್ದನ್ನ ಓದು."

ಓದಿದೆ. ನೀನು ಬರೆದದ್ದನ್ನೆಲ್ಲ ಓದಿದೆ, ಒಂದು ಅಕ್ಷರ ಬಿಡಲಿಲ್ಲ. ಫೋನಿನ ಮಾತನ್ನೂ ಓದಿದೆ. ಓದಿ ಮುಗಿಸಿ ಹಾಳೆ ಮಡಚಿದೆ. ಅವರು ಮೊರದಿಂದ ಎರಡು ಕಲ್ಲು ಹೆಕ್ಕಿ ಹೊರಗೆ ಎಸೆದರು. ಕಣ್ಣು ಕಾಣದಿದ್ದರೂ ಬೆರಳಿಗೆ ಸಿಗುತ್ತದೆ.

"ಅವಳಿಗೆ ಕಾಗದ ಸಿಕ್ಕಿದ್ದು ಯಾವತ್ತು?"

"ಮೇ ಹದಿನಾಲ್ಕು."

ಬೆರಳು ಮಡಚಿ ಎಣಿಸಿದರು. ಒಂಬತ್ತಕ್ಕೆ ನಿಲ್ಲಿಸಿದರು. ಬೈಯುತ್ತಾರೆ, ಇಲ್ಲದಿದ್ದರೆ ಎದ್ದು ಹೋಗುತ್ತಾರೆ, ಇನ್ನು ನಮ್ಮಿಬ್ಬರ ಜೊತೆಯೂ ಮಾತಾಡುವುದಿಲ್ಲ ಎಂದು ನಾನು ಕಾಯುತ್ತಿದ್ದೆ. ಅವರು ಮಾತಾಡತೊಡಗಿದಾಗ ನನಗೆ ಮೊದಲು ಅರ್ಥವೇ ಆಗಲಿಲ್ಲ.

"ಕೊನೇ ವಾರ ನಿಮ್ಮ ನಾನಾಯ್ ಬೇಡ ಅಂತಿದ್ಲು," ಎಂದರು. "ದಿನಾ ಬೆಳಗ್ಗೆ. ಇದನ್ನ ನುಂಗಿದ್ರೇ ಹಿಂಗಾಗೋದು, ಬೇಡ ಕಣ್ರೀ ಅಂತಿದ್ಲು. ಅವಳಿಗೇ ಗೊತ್ತಾಗಿತ್ತು. ನಾನು ಕೇಳ್ಲಿಲ್ಲ. ಆ ಭಾನುವಾರ ಹಲ್ಲು ಕಚ್ಕೊಂಡು ಬಾಯಿ ಬಿಡ್ಲಿಲ್ಲ. ಮಗಳು ಕಳ್ಸಿದ್ದು, ನುಂಗೇ ಅಂತ ಗದ್ರಿದೆ. ಕೆನ್ನೆ ಒತ್ತಿ ಬಾಯಿ ಬಿಡ್ಸಿ, ಎರಡನ್ನೂ ಹಾಕಿ, ನುಂಗೋ ತನ್ಕ ಬಾಯಿ ಮುಚ್ಚಿ ಹಿಡ್ಕೊಂಡಿದ್ದೆ."

ಬಲಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹೇಳಿದರು. ನಾನು ಆ ಕೈಯನ್ನು ಹಿಡಿದುಕೊಂಡೆ. ಬಿಡಿಸಿಕೊಳ್ಳಲಿಲ್ಲ.

"ಇದನ್ನೂ ಲುಡಿಗೆ ಬರಿ," ಎಂದರು. ಬರೆದಿದ್ದೇನೆ, ಮನಾಂಗ್.

ನೆಲ್ಫಾ